ಚವಳಿಕಾಯಿ ‘ಟಕ್’ ಅನ್ನಬೇಕು

ಹೋದ ವರ್ಷ ಜುಲೈನಲ್ಲಿ ಒಂದು ಸಂಜೆ, ಬೆಂಗಳೂರಿನ ನನ್ನ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿದೆ. ಒಳಗೆ ನಾನೇ ಬಾಲ್ಕನಿಯಲ್ಲಿ ಒಣಗಿಸಿ ತುಂಬಿಟ್ಟಿದ್ದ ಚವಳಿಕಾಯಿ. ಬೆಂಗಳೂರಿನವರು ಇದಕ್ಕೆ ಗೋರಿಕಾಯಿ ಅಂತಾರೆ. ಮುಚ್ಚಳ ತೆಗೆದರೆ ಬೂಸ್ಟಿನ ವಾಸನೆ, ಮೇಲೆಲ್ಲ ಬೂದಿ ಉದುರಿಸಿದ ಹಾಗೆ ಬಿಳಿ. ಒಂದೂವರೆ ಕೆ.ಜಿ. ಕಾಯಿ, ಮೂರು ದಿನದ ಬಿಸಿಲು, ಎಲ್ಲಾ ಕಸದ ಬುಟ್ಟಿಗೆ.

ಬಾಗಲಕೋಟೆಗೆ ಫೋನ್ ಮಾಡಿದೆ.

“ಮುರದ್ ನೋಡಿದ್ದೇನು?” ಅಂದಳು ಅವ್ವ.

“ಮುಟ್ಟಿ ನೋಡಿದ್ದೆ ಬೇ. ಒಣಗಿತ್ತು.”

“ಮುಟ್ಟಿದ್ರ ಏನ್ ತಿಳಿತೈತಿ? ಮುರದ್ರ ಟಕ್ ಅನ್ನಬೇಕು. ಬಾಗಿತಂದ್ರ ಒಳಗ ಇನ್ನೂ ನೀರೈತಿ ಅಂತ.”

ಅಷ್ಟೇ ಟೆಸ್ಟ್. ಆಫೀಸಿನಲ್ಲಿ ಒಂದು ಬಟನ್‌ಗೆ ಹತ್ತು ಟೆಸ್ಟ್ ಕೇಸ್ ಬರೆಯುವ ನಾನು, ಇಲ್ಲಿ ಒಂದನ್ನೂ ಮಾಡಿರಲಿಲ್ಲ.

ಈ ವರ್ಷ ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಇನ್ನೊಂದು ಮಾತು ಹೇಳಿದಳು. “ಈ ಸಲ ಒಣಗಸೂದು ಗಿಣಗಸೂದು ಏನೂ ಬ್ಯಾಡ ತಮ್ಮಾ. ಮಾಳಗಿ ಹತ್ತಾಕ ಮೊಣಕಾಲು ಕೊಡಂಗಿಲ್ಲ.” ಮೆಟ್ಟಿಲು ಹತ್ತೋದು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರಂತೆ. ನಮ್ಮ ಮಾಳಿಗೆಗೆ 19 ಮೆಟ್ಟಿಲು. ಪ್ರತಿ ಬೇಸಿಗೆಯೂ ಅವ್ವ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದದ್ದನ್ನು ನೋಡಿದ್ದೆ. ಎಣಿಸಿದ್ದು ಅವತ್ತೇ.

ಸಂಡಿಗೆ, ಉಪ್ಪಿನಕಾಯಿ ಅಂಗಡಿಯಲ್ಲೂ ಸಿಗುತ್ತೆ. ಆದರೆ ಅವ್ವನ ಕೈಗೆ ಗೊತ್ತಿರುವುದು ಎಲ್ಲೂ ಬರೆದಿಟ್ಟಿಲ್ಲ. ಮ್ಯಾನೇಜರಿಗೆ ಕೇಳಿ, ಶಿವರಾತ್ರಿಯಿಂದ ಆರು ವಾರ ಬಾಗಲಕೋಟೆಯಿಂದಲೇ ಕೆಲಸ ಮಾಡ್ತೀನಿ ಅಂತ ಒಪ್ಪಿಸಿದೆ. ಹಗಲು ಲ್ಯಾಪ್‌ಟಾಪ್, ಬೆಳಿಗ್ಗೆ ಸಂಜೆ ಮಾಳಿಗೆ.

ನಮ್ಮದು ನವನಗರದ ಮನೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದಾಗ ಇಲ್ಲಿಗೆ ಬಂದ ಮನೆಗಳಲ್ಲಿ ನಮ್ಮದೂ ಒಂದು. ನಾನಾಗ ಸಣ್ಣವ. ಹಳೇ ಮನೆಯ ಹಿತ್ತಲಲ್ಲಿ ನನಗೆ ನೆನಪಿರೋದು ಹೀರೆ ಬಳ್ಳಿ ಮಾತ್ರ. ಮನೆ ಬಿಡುವಾಗ ಆಯಿ ಅದರ ಬೀಜಕ್ಕೆ ಬೂದಿ ಸವರಿ, ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ಇಲ್ಲಿ ಸಿಕ್ಕಿದ್ದು ಮನೆ ಹಿಂದಿನ 6 ಅಡಿ ಅಗಲ, 20 ಅಡಿ ಉದ್ದದ ಪಟ್ಟಿ, ಅದೂ ಗರಸಿನ ನೆಲ. ಹುನಗುಂದದ ಅತ್ತಿಯ ಹೊಲದಿಂದ ಚೀಲಗಟ್ಟಲೆ ಎರೆಮಣ್ಣು ತಂದು, ಉಸುಕು, ತಿಪ್ಪೆಗೊಬ್ಬರ ಕಲೆಸಿ ಹಿತ್ತಲು ಮಾಡಿದರು. ಎರೆಮಣ್ಣು ಒಂದನ್ನೇ ಹಾಕಿದರೆ ಮಳೆಗೆ ಅಂಟು, ಬ್ಯಾಸಿಗಿಗೆ ಬಿರುಕು.

ಸಣ್ಣ ಹಿತ್ತಲಿನ ತೊಂದರೆ ಏನು ಗೊತ್ತಾ? ಬಂದರೆ ಒಮ್ಮೆಲೇ ಬರುತ್ತೆ, ಹೋದರೆ ಏನೂ ಇರಲ್ಲ. ಅವ್ವ ಸಂಕ್ರಾಂತಿಗೂ ಮೊದಲೇ ಊರಿದ್ದ ಎರಡು ಸಾಲು ಚವಳಿ ಮಾರ್ಚ್‌ನಲ್ಲಿ ಬಿಡೋಕೆ ಶುರುವಾಯ್ತು ನೋಡಿ, ವಾರಕ್ಕೆ ಎರಡು ಸಲ ಕಿತ್ತರೂ ಮುಗೀತಿರಲಿಲ್ಲ. ಎಲ್ಲರಿಗೂ ಹಂಚಿದ್ದಾಯ್ತು. ಓಣಿಯವರು ನನ್ನ ಕಂಡರೆ ಬಾಗಿಲು ಹಾಕಿಕೊಳ್ಳೋದು ಬಾಕಿ!

ಇದು ಮೊದಲೇ ಗೊತ್ತಿದ್ದವರು ನಮ್ಮ ಹಿರಿಯರು. ನಮ್ಮ ಜಿಲ್ಲೆಯಲ್ಲಿ ಸರಾಸರಿ 600 ಮಿಲಿಮೀಟರಿನಷ್ಟೂ ಮಳೆಯಿಲ್ಲ. ಇರುವುದೂ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ ಒಳಗೇ ಮುಗಿಯುತ್ತೆ. ಇಂಥ ನೆಲದಲ್ಲಿ ಹಸಿರು ಕಾಯಿಪಲ್ಯ ಅಂದರೆ ಹಬ್ಬವೇ. ಬಾದಾಮಿಯ ಬನಶಂಕರಿಗೆ ಶಾಕಂಭರಿ ಅಂತಲೂ ಹೆಸರು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದವಳು ಅನ್ನೋದು ಪುರಾಣ. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಅಲ್ಲಿ ‘ಪಲ್ಲೇದ ಹಬ್ಬ’ ನಡೆಯುತ್ತೆ. ದೇವಿಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ದೇವಿ ಕೊಟ್ಟದ್ದನ್ನು ಮುಂದಿನ ಮಳೆವರೆಗೆ ಉಳಿಸಿಕೊಳ್ಳೋದು ಮಾತ್ರ ಮನೆಯವರ ಕೆಲಸ.

ಹಾಗಾದರೆ ಹೇಗೆ ಉಳಿಸೋದು? ಆರು ವಾರದಲ್ಲಿ ನಾನು ಕಲಿತದ್ದು ಇಷ್ಟು.

ಮೆಂತೆ ಪಲ್ಯ: ತೊಳೆದು, ನೀರು ಪೂರ್ತಿ ಆರಿಸಿ, ನೆರಳಲ್ಲಿ ಒಣಗಿಸಬೇಕು. ನೇರ ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತೆ, ವಿಟಮಿನ್ನೂ ಹೋಗುತ್ತೆ. ಸೊಪ್ಪಿನ ತೂಕದಲ್ಲಿ ಹೆಚ್ಚುಕಮ್ಮಿ ನೂರಕ್ಕೆ 85ರಿಂದ 90 ಭಾಗ ನೀರೇ. ಒಂದು ಕೆ.ಜಿ. ಒಣಗಿದರೆ ಸಣ್ಣ ಡಬ್ಬಿಗೆ ಸಾಲದು. ಫ್ರೀಜರ್‌ನಲ್ಲಿ ಜಾಗ ಇಲ್ಲದ ನಮ್ಮಂಥವರಿಗೆ ಅನುಕೂಲವೇ ಬಿಡಿ.

ಚವಳಿಕಾಯಿ: ತುದಿ ತೆಗೆದು, ಕುದಿಯುವ ನೀರಿಗೆ ಚಿಟಿಕೆ ಉಪ್ಪು ಹಾಕಿ ಎರಡು ಮೂರು ನಿಮಿಷ ಇಟ್ಟು ಬಸಿಯಬೇಕು. ಹೀಗೆ ಮಾಡಿದರೆ ಕಾಯಿಯೊಳಗಿನ ಕಿಣ್ವಗಳ ಕೆಲಸ ನಿಲ್ಲುತ್ತೆ, ಬಣ್ಣ ರುಚಿ ಕೆಡಲ್ಲ. ಆಮೇಲೆ ಬಿಸಿಲಿಗೆ. ರಾತ್ರಿ ಒಳಗೆ ತರಲೇಬೇಕು, ಇಬ್ಬನಿ ಬಿದ್ದರೆ ಒಣಗಿದ್ದೆಲ್ಲ ಮತ್ತೆ ನೀರು ಹೀರಿಕೊಳ್ಳುತ್ತೆ.

ಬಾಳಕದ ಮೆಣಸಿನಕಾಯಿ: ಹಸಿಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಮುಗಿಯುವವರೆಗೆ ಇದೇ ಆಟ.

ಕಡಲೆ ಪಲ್ಯ: ಇದು ಅತ್ತಿ ಹುನಗುಂದದಿಂದ ಒಣಗಿಸಿಯೇ ಕಳಿಸಿದ್ದು. ಎಳೆ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತೆ, ಮನೆಗೆ ಹುಳಿ ಹುಳಿ ಪಲ್ಯವೂ ಆಗುತ್ತೆ.

ಹಾಸೋಕೆ ಪ್ಲಾಸ್ಟಿಕ್ ಬೇಡ, ಕೆಳಗೆ ಬೆವರುತ್ತೆ. ಅವ್ವ ಕೊಟ್ಟಿದ್ದು ಒಂದು ಹಳೇ ಇಳಕಲ್ ಸೀರೆ. ತೊಳೆದು ತೊಳೆದು ಮೆತ್ತಗಾದ ಹತ್ತಿ. ಕೆಂಪು ಸೆರಗನ್ನು ಕತ್ತರಿಸಿ ಎತ್ತಿಟ್ಟು, ಮೈಭಾಗ ಮಾತ್ರ ಕೊಟ್ಟಳು. ಸೆರಗು ಯಾಕೆ ಎತ್ತಿಟ್ಟೆ ಅಂತ ನಾನು ಕೇಳಲಿಲ್ಲ. ಅದು ಆಯಿಯ ಸೀರೆ.

ಒಂದು ವಿಷಯದಲ್ಲಿ ಮಾತ್ರ ನನಗೂ ಅವ್ವನಿಗೂ ಜಗಳ ಆಯ್ತು. ಅಪ್ಪನಿಗೆ ಬಿ.ಪಿ. ಬಾಳಕ, ಉಪ್ಪಿನಕಾಯಿ ಎಲ್ಲ ನಿಂತಿರೋದು ಉಪ್ಪಿನ ಮೇಲೆ. ಉಪ್ಪು ಕಡಿಮೆ ಹಾಕೋಣ ಅಂದೆ. “ಹಂಗಾರ ಕೆಡತೈತಿ” ಅಂದಳು. ಇಬ್ಬರ ಮಾತೂ ಖರೆ. ಕೊನೆಗೆ ದಾರಿ ಹೀಗಾಯ್ತು: ಬಾಳಕ ಅರ್ಧಕ್ಕರ್ಧ ಕಡಿಮೆ, ಉಪ್ಪಿಲ್ಲದೆ ಒಣಗುವ ಮೆಂತೆ, ಹೆಚ್ಚೇನೂ ಉಪ್ಪು ಬೇಡದ ಚವಳಿ ಜಾಸ್ತಿ. ಉಪ್ಪು ಹಾಕದಿದ್ದರೆ ನೀರಾದರೂ ಪೂರ್ತಿ ಹೋಗಬೇಕು, ಅಥವಾ ಹುಳಿ ಇರಬೇಕು. ಈ ಮೂರರಲ್ಲಿ ಒಂದೂ ಇಲ್ಲದೆ ಹೊರಗಿಟ್ಟ ತರಕಾರಿ ಉಳಿಯಲ್ಲ.

ರೀಲ್ಸ್ ನೋಡಿ, ಬೀನ್ಸ್ ಬೇಯಿಸಿ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡುವವರಿಗೂ ಒಂದು ಮಾತು. ಹುಳಿ ಕಡಿಮೆ ಇರುವ, ಅಂದರೆ ಪಿಎಚ್ 4.6ಕ್ಕಿಂತ ಹೆಚ್ಚಿರುವ ತರಕಾರಿಯನ್ನು ಬರೀ ಕುದಿಸಿ ಮುಚ್ಚಿಟ್ಟರೆ, ಗಾಳಿಯಿಲ್ಲದ ಬಾಟಲಿಯಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ವಾಸನೆಯಿಂದ ಗೊತ್ತಾಗುತ್ತೆ ಅಂತ ನಂಬಬೇಡಿ. ನಮಗೆ ಬಿಸಿಲಿದೆ, ಅದೇ ಸಾಕು.

ದಿನಾ ಸಂಜೆ ನಾನು ಮಾಳಿಗೆಯಿಂದ ತಟ್ಟೆ ಇಳಿಸಿಕೊಂಡು ಬರ್ತಿದ್ದೆ. ಅವ್ವ ಕೆಳಗಿನ ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರೋಳು. ತಟ್ಟೆಯ ಮೇಲಿನದಲ್ಲ, ಅಡಿಯಲ್ಲಿರೋ ಕಾಯಿ ಹುಡುಕಿ ತೆಗೆದು ಮುರಿಯೋಳು. ಮೊದಲ ಸಲ ಬಾಗಿತು. “ಇನ್ನೊಂದ್ ಬಿಸಲು.” ಮರುದಿನವೂ ಅದೇ ಮಾತು. ನಲವತ್ತು ಡಿಗ್ರಿಯಲ್ಲಿ ನಾನು ಬೆವರಿ ಒಣಗಿದ್ದೆ, ಕಾಯಿ ಒಣಗಿರಲಿಲ್ಲ. ಮೂರನೇ ಸಂಜೆ ‘ಟಕ್’ ಅಂತು. ಅವ್ವ ಏನೂ ಹೇಳಲಿಲ್ಲ. ಎರಡು ತುಂಡನ್ನೂ ತಟ್ಟೆಗೆ ಹಾಕಿ, ಡಬ್ಬಿ ತರೋಕೆ ಕೈ ತೋರಿಸಿದಳು.

ಹೀರೆ ಬಳ್ಳಿಯಲ್ಲಿ ಎರಡು ಕಾಯಿ ಕೀಳದೆ ಬಿಟ್ಟಿದ್ದೆವು. ನಾನು ಹೊರಡುವ ಹೊತ್ತಿಗೆ ಅವು ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅಂತಿತ್ತು. ಬೂದಿ ಸವರಿ ಗಂಟು ಕಟ್ಟಿದ್ದು ಈ ಸಲ ನಾನು.

ಈಗ ಮತ್ತೆ ಜುಲೈ. ಬೆಂಗಳೂರಲ್ಲಿ ಜಿಟಿಜಿಟಿ ಮಳೆ. ನಿನ್ನೆ ಡಬ್ಬಿ ತೆಗೆದೆ. ಬೂಸ್ಟಿಲ್ಲ, ಬಿಸಿಲಿನ ವಾಸನೆ. ಒಂದು ಮುಷ್ಟಿ ಚವಳಿ ಬಿಸಿನೀರಲ್ಲಿ ನೆನೆಸಿ, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿ, ಫೋಟೋ ಕಳಿಸಿದೆ. ಅವ್ವನಿಂದ ವಾಯ್ಸ್ ಮೆಸೇಜ್ ಬಂತು: “ಉಪ್ಪು ಕಡಿಮಿ ಹಾಕಿದಿ, ಹೌದಿಲ್ಲ?”

ನಿಮ್ಮ ಮನೆಯಲ್ಲೂ ಮಾಳಿಗೆ ಹತ್ತುವವರು ಇದ್ದಾರಲ್ವಾ? ಬರುವ ಬೇಸಿಗೆಗೆ ಒಂದು ವಾರ ರಜೆ ಹಾಕಿ. ನೀವು ಹತ್ತಿ, ಅವರು ಕೆಳಗೆ ಕೂತು ಮುರಿದು ನೋಡಲಿ.