ಓಬವ್ವನ ಊಟ ಆಗಿತ್ತೇ?



ಚಿತ್ರದುರ್ಗ ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾದರೂ ನಾನು ಕೋಟೆ ಹತ್ತಿರಲಿಲ್ಲ ಎಂದರೆ ನಗಬೇಡಿ. ನೆಂಟರು ಬಂದಾಗಲೆಲ್ಲ ಬುತ್ತಿ ಕಟ್ಟಿಕೊಟ್ಟವಳು ನಾನು, ನೋಡಿ ಬಂದವರು ಅವರು! ನಿಮ್ಮಲ್ಲೂ ಹೀಗೇ ತಾನೇ?

ಹೋದ ತಿಂಗಳು ನಮ್ಮವರಿಗೆ ದುರ್ಗದಲ್ಲಿ ಕೆಲಸವಿತ್ತು. "ಸಂಜೆಯವರೆಗೆ ಮ್ಯೂಸಿಯಂ, ಕೋಟೆ ಎಲ್ಲಾ ನೋಡ್ಕೊಂಡಿರು" ಎಂದು ನನ್ನನ್ನು ರಂಗಯ್ಯನ ಬಾಗಿಲಿನ ಹತ್ತಿರ ಬಿಟ್ಟುಹೋದರು.

ವಸ್ತುಸಂಗ್ರಹಾಲಯದಲ್ಲಿ ಆಯುಧಗಳ ಮುಂದೆ ಒಬ್ಬ ವಿದೇಶಿ ಹೆಂಗಸು ನಿಂತಿದ್ದರು. ಬೆಳ್ಳಗಿನ ತಲೆ, ಅರವತ್ತೈದರ ಆಸುಪಾಸು, ಒಬ್ಬರೇ. ನನ್ನ ಕಡೆ ತಿರುಗಿ "ವೇರ್ ಒನಾಕೆ?" ಅಂದರು. ನನಗೆ ಎದೆ ಧಸಕ್ ಎಂದಿತು. ಒಮ್ಮೆ ಫೋನಿನಲ್ಲಿ ಇಂಗ್ಲಿಷ್ ಮಾತಾಡಿದಾಗ ಮಗ ನಕ್ಕಿದ್ದ. ಆವತ್ತಿನಿಂದ ಬಾಯಿ ಮುಚ್ಚಿದವಳು ನಾನು. ಕೈಯಲ್ಲೇ ಭತ್ತ ಕುಟ್ಟಿ ತೋರಿಸಿ, "ನೋ ಹಿಯರ್, ಕಿಚನ್" ಅಂದೆ. ಆಕೆ ಜೋರಾಗಿ ನಕ್ಕು, "ಐ ಇಟಲಿ. ಇಂಗ್ಲಿಷ್ ನೋ ಗುಡ್" ಅಂದರು. ಅವರದೂ ನನ್ನಂತೆ ಹರಕು ಇಂಗ್ಲಿಷೇ! ಆಮೇಲೆ ಭಯವೆಲ್ಲಿಯದು? ಹೆಸರು ನನ್ನ ನಾಲಿಗೆಗೆ ತಿರುಗಲಿಲ್ಲ, 'ಅಕ್ಕ' ಅಂದೆ. ಇಬ್ಬರೂ ಒಂದೇ ಆಟೋ ಹತ್ತಿದೆವು.

ಏಳು ಸುತ್ತಿನ ಕೋಟೆ, 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು. ಮದ್ದು ಅರೆಯುವ ದೊಡ್ಡ ಬೀಸುಕಲ್ಲು ಕಂಡಾಗ "ಕಿಚನ್?" ಎಂದು ಕೇಳಿ ನನ್ನನ್ನು ನಗಿಸಿದರು. ಮಂಡಿನೋವಿನ ನಾನು ಕೂತಲ್ಲೆಲ್ಲ ಅವರೂ ಕೂತರು.

ಕಿಂಡಿಯ ಹತ್ತಿರ ಕೊಡೆಯನ್ನೇ ಒನಕೆ ಮಾಡಿಕೊಂಡು ಕಥೆ ಹೇಳಿದೆ. ಕಹಳೆಯ ಮುದ್ದಹನುಮ ಊಟಕ್ಕೆ ಮನೆಗೆ ಬಂದದ್ದು, ಓಬವ್ವ ಅವನಿಗೆ ನೀರು ತರಲು ಹೋದದ್ದು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒಬ್ಬೊಬ್ಬರ ತಲೆಗೂ ಒನಕೆ ಬೀಸಿದ್ದು. 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈಸೇರಿತು ಎಂದೂ ಹೇಳಿದೆ.

ಆಕೆ ಸ್ವಲ್ಪ ಹೊತ್ತು ಆ ಸಣ್ಣ ಕಿಂಡಿಯನ್ನೇ ನೋಡುತ್ತಿದ್ದು ಕೇಳಿದರು: "ಹಸ್ಬೆಂಡ್ ಈಟ್. ಶೀ ಈಟ್?"

ಚಿಕ್ಕಂದಿನಿಂದ ಈ ಕಥೆ ಕೇಳಿದ್ದೇನೆ, 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರ ಓಬವ್ವನನ್ನು ಕಂಡು ಅತ್ತಿದ್ದೇನೆ. ಆದರೆ ಅವಳು ಉಂಡಿದ್ದಳೇ ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಗಂಡ ಉಂಡ ಮೇಲಲ್ಲವೇ ಅವಳ ಊಟ? "ನೋ ಈಟ್, ಅಕ್ಕ" ಅಂದೆ. ಗಂಟಲು ಕಟ್ಟಿತು. ಆಕೆ ಸುಮ್ಮನೆ ನನ್ನ ಕೈ ಹಿಡಿದುಕೊಂಡರು.

ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡು ರೊಟ್ಟಿ ತಿಂದರು! ಹತ್ತಿರದ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂದಾಗ ಅವರ ಮುಖ ಅರಳಿತು. ಎರಡು ಸಾವಿರ ವರ್ಷದ ಹಿಂದೆಯೇ ಅವರೂರಿನ ದುಡ್ಡು ನಮ್ಮೂರಿಗೆ ಬಂದಿತ್ತು. ನಾವಿಬ್ಬರು ಭೇಟಿಯಾದದ್ದು ಈಗ, ಅಷ್ಟೇ.

ಆ ರಾತ್ರಿ ಮನೆಯಲ್ಲಿ ಎಲ್ಲರ ತಟ್ಟೆಯ ಜೊತೆ ನನ್ನದನ್ನೂ ಇಟ್ಟೆ. "ಇವತ್ತು ನಾನೂ ಒಟ್ಟಿಗೇ ಕೂರ್ತೀನಿ, ಬೇಕಾದವರು ಬಡಿಸ್ಕೊಳ್ಳಿ" ಅಂದೆ. ನಮ್ಮವರು ಒಂದು ಗಳಿಗೆ ಸುಮ್ಮನಿದ್ದು, ಸಾರಿನ ಪಾತ್ರೆ ತಮ್ಮ ಕಡೆಗೆ ಎಳೆದುಕೊಂಡರು. ಮಗ ತಾನೇ ಎದ್ದು ನೀರು ತಂದ.

ನೀವೂ ಹೋಗಿ ಬನ್ನಿ. ಬಂಡೆ ಕಾಯುವ ಮೊದಲೇ ಹತ್ತಿ, ಜಾರದ ಚಪ್ಪಲಿ ಹಾಕಿ, ನೀರು ಒಯ್ಯಿರಿ. ಬುತ್ತಿಚೀಲ ಕೋತಿಗಳ ಕಣ್ಣಿಗೆ ಬೀಳದಿರಲಿ. ಮತ್ತೆ, ಒಂದೆರಡು ರೊಟ್ಟಿ ಹೆಚ್ಚಿಗೇ ಕಟ್ಟಿಕೊಳ್ಳಿ. ಯಾರು ಸಿಗುತ್ತಾರೋ ಯಾರಿಗೆ ಗೊತ್ತು?