ಹೊಸ ಬಣ್ಣಕ್ಕೆ ಬೇಕಾದುದು ತಾಳ್ಮೆ, ಥಳಕಲ್ಲ

ಕಾರಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಅದನ್ನು ಉಜ್ಜಿ ಹೊಳಪು ತರುವ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತೇನೆಂದು ಹೇಳಿದಾಗ ಮಿತ್ರರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಅದೆಲ್ಲ ನಾವು ಮಾಡುವ ಕೆಲಸವೇ ಮಾರಾಯ್ರೆ? ಹತ್ತಿಪ್ಪತ್ತು ದಿನಾರ್ ಕೊಟ್ಟರೆ ಶುವೈಖ್‌ನಲ್ಲಿ ಸಂಜೆಯೊಳಗೆ ಕನ್ನಡಿಯ ಹಾಗೆ ಮಾಡಿ ಕೊಡುತ್ತಾರೆ.” ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಹೊಳಪೆಂಬುದು ಹಣ ಕೊಟ್ಟ ಕ್ಷಣವೇ ದೊರೆಯುವ ಸರಕು ಎಂಬ ಭ್ರಮೆ ಒಂದು. ಬಟ್ಟೆ ಹಿಡಿದು ಉಜ್ಜುವುದು ಓದಿದವರ ಘನತೆಗೆ ಕುಂದು ಎಂಬ ಭಾವನೆ ಇನ್ನೊಂದು. ಎರಡನ್ನೂ ವಿರೋಧಿಸುವುದೇ ಈ ಬರಹದ ಉದ್ದೇಶ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಾರಿನ ಎರಡು ಬಾಗಿಲುಗಳಿಗೆ ಬಣ್ಣ ಹೊಡೆಸಬೇಕಾಯಿತು. ಶುಕ್ರವಾರ ಒಂದು ಸಮಾರಂಭವಿತ್ತು. ಗುರುವಾರ ಸಂಜೆಯೊಳಗೆ ಗಾಡಿ ಬೇಕೆಂದು ಹಠ ಹಿಡಿದೆ. ಗ್ಯಾರೇಜಿನವರು ಕೊಟ್ಟರು. ಬಾಗಿಲುಗಳು ಥಳಥಳಿಸುತ್ತಿದ್ದವು. ಎರಡನೆಯ ಬಾರಿ ತೊಳೆದಾಗ ಆ ಹೊಳಪೆಲ್ಲ ನೀರಿನೊಡನೆ ಹರಿದುಹೋಯಿತು. ರುಮೈಥಿಯಾದ ನಮ್ಮ ಕಟ್ಟಡದ ಪಾರ್ಕಿಂಗ್ ದೀಪದ ಕೆಳಗೆ ನೋಡಿದರೆ ಬಾಗಿಲ ತುಂಬ ಜೇಡರ ಬಲೆಯಂತಹ ಗೀರುಗಳು! ಅವರು ಗೀರುಗಳನ್ನು ತೆಗೆದಿರಲಿಲ್ಲ, ಜಿಡ್ಡಿನ ಪಾಲಿಶ್ ತುಂಬಿ ಮುಚ್ಚಿದ್ದರು. ಅಂದು ಗ್ಯಾರೇಜನ್ನು ಬೈದೆ. ಆದರೆ ಅವರು ಕೊಟ್ಟದ್ದು ನಾನು ಕೇಳಿದ್ದನ್ನೇ. ನಾನು ಕೇಳಿದ್ದು ಒಳ್ಳೆಯ ಬಣ್ಣವನ್ನಲ್ಲ, ಗುರುವಾರ ಸಂಜೆಯ ಹೊಳಪನ್ನು.

ಬಣ್ಣದ ಸ್ವಭಾವವನ್ನು ಬಲ್ಲವರು ಹೀಗೆ ಅವಸರಪಡಲಾರರು. ಕಾರ್ಖಾನೆಯಲ್ಲಿ ಬರಿಯ ಲೋಹದ ಒಡಲಿಗೆ ಬಳಿದ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್, ರಬ್ಬರ್, ತಂತಿಗಳೆಲ್ಲ ಜೋಡಣೆಯಾದ ಗಾಡಿಯನ್ನು ಆ ಶಾಖದಲ್ಲಿ ಇರಿಸಲಾಗದು; ಆದ್ದರಿಂದ ಮರುಬಣ್ಣವನ್ನು ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ದ್ರಾವಕ ಪೂರ್ತಿ ಹೊರಟುಹೋಗಿ ಪದರ ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟರೊಳಗೆ ಮೇಣ ಮೆತ್ತಿದರೆ ದ್ರಾವಕ ಹೊರಬರುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. 30ರಿಂದ 90 ದಿನ ಮೇಣ ಹಚ್ಚಬೇಡಿರೆಂದು ಬಣ್ಣದ ಕಂಪನಿಗಳು ಹೇಳುವುದು ಸುಮ್ಮನೆ ಅಲ್ಲ. ಇನ್ನೊಂದು ಸಂಗತಿ: ಬಣ್ಣದ ಮೇಲಿನ ಪಾರದರ್ಶಕ ಪದರ, ಎಂದರೆ ಕ್ಲಿಯರ್ ಕೋಟ್, ಸುಮಾರು 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತಲೂ ತೆಳು. ಉಜ್ಜುವುದೆಂದರೆ ಆ ಪದರವನ್ನೇ ಸ್ವಲ್ಪ ಸ್ವಲ್ಪವಾಗಿ ಸವೆಸುವುದು. ಅದು ಖರ್ಚಾಗುವ ಗಂಟು, ಮರಳಿ ತುಂಬುವ ಕಣಜವಲ್ಲ. ದಿನಕ್ಕೆ ಹತ್ತು ಗಾಡಿ ಮುಗಿಸಬೇಕಾದವನ ಯಂತ್ರದ ಕೈಗೆ ಆ ಗಂಟನ್ನು ಒಪ್ಪಿಸಿ ನಿಶ್ಚಿಂತರಾಗಿರುವುದು ಜಾಣತನವೇ?

ಮನೆಯಲ್ಲಿ ಮಾಡಬೇಕಾದ ಕೆಲಸ ಕಠಿಣವೇನಲ್ಲ, ನಿಧಾನದ್ದು ಮಾತ್ರ. ಬಣ್ಣದಲ್ಲಿ ಕುಳಿತ ಧೂಳಿನ ಕಣ, ಕಿತ್ತಳೆ ಸಿಪ್ಪೆಯಂತಹ ಒರಟು ಕಂಡುಬಂದರೆ ಬಣ್ಣಗಾರ ಹೇಳಿದಷ್ಟು ದಿನ ಕಾದು, 2000 ಮತ್ತು 3000 ನಂಬರಿನ ನೀರುಕಾಗದವನ್ನು ಸೋಪು ಬೆರೆಸಿದ ನೀರಿನಲ್ಲಿ ನೆನೆಸಿ, ದೋಷವಿರುವೆಡೆ ಮಾತ್ರ ಹಗುರವಾಗಿ ಉಜ್ಜಬೇಕು. ಬಾಗಿಲಿನ ಅಂಚು, ಮಡಿಕೆಯ ಗೆರೆಗಳಲ್ಲಿ ಬಣ್ಣ ತೀರ ತೆಳುವಾಗಿರುವುದರಿಂದ ಅಲ್ಲಿಗೆ ಟೇಪು ಅಂಟಿಸಿ ಕಾಪಾಡಬೇಕು. ಬಳಿಕ ಕಾಂಪೌಂಡ್, ಅನಂತರ ನಯವಾದ ಪಾಲಿಶ್. ಪ್ರತಿಯೊಂದಕ್ಕೂ ಬೇರೆ ಬೇರೆ ಸ್ಪಂಜು. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಂದು ಮೂಲೆಯನ್ನು ಒರೆಸಿ ನೋಡಬೇಕು. ಜಿಡ್ಡು ಹೋದ ಮೇಲೂ ಉಳಿದರೆ ಅದು ಹೊಳಪು, ಉಳಿಯದಿದ್ದರೆ ವೇಷ. ಮೇಣದ ಮಾತು ತಿಂಗಳುಗಳ ಅನಂತರ.

ಈ ನಾಡಿನಲ್ಲಂತೂ ತಾಳ್ಮೆ ಇನ್ನಷ್ಟು ಅಗತ್ಯ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ತಾಪ ದಾಖಲಾಯಿತು. ಅಂತಹ ಬಿಸಿಲಿನಲ್ಲಿ ನಿಂತ ಗಾಡಿಯ ಮೇಲೆ ಕಾಂಪೌಂಡ್ ಹಚ್ಚಿದರೆ ಉಜ್ಜುವ ಮೊದಲೇ ಒಣಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ನವೆಂಬರಿನಿಂದ ಮಾರ್ಚಿಯವರೆಗಿನ ಮುಂಜಾವು, ಕಟ್ಟಡದ ನೆರಳು, ಇವೇ ನಮ್ಮ ಕಾರ್ಯಾಗಾರ. ಇನ್ನು ತೂಝ್! 2022ರ ಮೇ ತಿಂಗಳಲ್ಲಿ ವಿಮಾನ ಸಂಚಾರವನ್ನೇ ತಡೆದ ಆ ಧೂಳಿನಲ್ಲಿರುವ ಮರಳಿನ ಕಣ ನಮ್ಮ ಬಣ್ಣಕ್ಕಿಂತ ಎಷ್ಟೋ ಪಾಲು ಗಟ್ಟಿ. ಅದನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಹೊಸ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿದಂತೆ. ಮೊದಲು ಧಾರಾಳ ನೀರು ಸುರಿದು ಧೂಳನ್ನು ಇಳಿಸಬೇಕು; ಬಟ್ಟೆಯ ಸರದಿ ಆಮೇಲೆ.

ಆದರೆ ಒಂದು ಗೆರೆಯನ್ನು ದಾಟಬಾರದು. ಉಜ್ಜುವುದು ಮನೆಗೆ ಸಲ್ಲುವ ಕೆಲಸ. ಬಣ್ಣ ಸಿಂಪಡಿಸುವುದು ಸಲ್ಲದು. ಕ್ಲಿಯರ್ ಕೋಟನ್ನು ಗಟ್ಟಿಗೊಳಿಸುವ ದ್ರವದಲ್ಲಿ ಐಸೊಸೈಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಆಸ್ತಮಾ ತಗಲುವುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ಸಂಗತಿ. ನಮ್ಮ ಊರುಗಳಿಂದಲೋ, ಕೇರಳದಿಂದಲೋ, ಬಾಂಗ್ಲಾದೇಶದಿಂದಲೋ ಬಂದ ಬಣ್ಣಗಾರ ದಿನವಿಡೀ ಆ ಮಂಜಿನ ನಡುವೆ ನಿಲ್ಲುತ್ತಾನೆ. ಶುದ್ಧ ಗಾಳಿ ಒದಗಿಸುವ ಮುಖವಾಡಕ್ಕೆ ಹಣ ಬೇಕು, ಅದನ್ನು ಧರಿಸಿ ಕೆಲಸ ಮಾಡಲು ಸಮಯವೂ ಬೇಕು. “ಕಡಿಮೆ ಮಾಡಿ, ಬೇಗ ಕೊಡಿ” ಎಂದು ನಾವು ಚೌಕಾಸಿ ಮಾಡುವಾಗ ಮೊದಲು ಕಡಿತವಾಗುವುದು ಯಾವುದೆಂದು ಯೋಚಿಸಿದ್ದೇವೆಯೇ? ನಮ್ಮ ಅವಸರದ ಬೆಲೆಯನ್ನು ಅವನ ಶ್ವಾಸಕೋಶ ತೆರಬೇಕಾಗುತ್ತದೆ. “ಇನ್ನೂ ಎರಡು ದಿನ ಇಟ್ಟುಕೊಳ್ಳಿ, ಬಣ್ಣ ಚೆನ್ನಾಗಿ ಹೊಡೆದರೆ ಸಾಕು, ಉಜ್ಜುವುದನ್ನು ನಾನು ನೋಡಿಕೊಳ್ಳುತ್ತೇನೆ” ಎನ್ನುವ ಗಿರಾಕಿ ಅವನಿಗೆ ಅಷ್ಟರಮಟ್ಟಿಗೆ ಉಸಿರಾಡಲು ಬಿಡುತ್ತಾನೆ.

ಇನ್ನು ಘನತೆಯ ಪ್ರಶ್ನೆ. ಆಯುಧಪೂಜೆಯ ದಿನ ನಾವೆಲ್ಲರೂ ಗಾಡಿಗೆ ಹೂಮಾಲೆ ಹಾಕಿ, ಕುಂಕುಮವಿಟ್ಟು, ಕೈ ಮುಗಿಯುತ್ತೇವೆ. ಹಸಿ ಬಣ್ಣದ ಮೇಲೆ ಅಲಂಕಾರದ ಟೇಪು ಅಂಟಿಸಿ, ಕೀಳುವಾಗ ಬಣ್ಣವನ್ನೂ ಕಿತ್ತವರುಂಟು! ಒಂದು ದಿನ ಪೂಜಿಸುವ ವಸ್ತುವನ್ನು ಉಳಿದ ದಿನಗಳಲ್ಲಿ ಕೈಯಿಂದ ಮುಟ್ಟಿ ಸೇವಿಸುವುದು ಅವಮಾನವಾಗುವುದು ಹೇಗೆ? ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಬಣ್ಣ ಕೂಡಿಸಿ, ಕೇದಗೆಯ ಜಾತಿಯ ಗರಿಯನ್ನು ಒತ್ತಿ ಹಿಡಿದು ಹೊಳಪು ತರುತ್ತಾನೆ. ಆ ಬೊಂಬೆಯನ್ನು ಇಲ್ಲಿನ ಗೆಳೆಯರಿಗೆ ಹೆಮ್ಮೆಯಿಂದ ಉಡುಗೊರೆ ಕೊಡುವ ನಾವು, ಅದೇ ಬಗೆಯ ಕೆಲಸ ನಮ್ಮ ಕೈಗೆ ಬಂದಾಗ ನಾಚುವುದು ವಿಚಿತ್ರ.

ಎಲ್ಲರಿಗೂ ಸಮಯವಿರದು, ಎಲ್ಲರ ಸೊಂಟವೂ ಒಪ್ಪದು ಎಂಬುದು ನಿಜ. ಅಂಥವರು ಬೇರೆಯವರಿಂದ ಮಾಡಿಸಲಿ. ಆದರೆ ಹಣದೊಡನೆ ಸಮಯವನ್ನೂ ಕೊಡಲಿ. ಉಳಿದವರು ಮುಂದಿನ ಚಳಿಗಾಲದ ಒಂದು ಶುಕ್ರವಾರ ಮುಂಜಾನೆ ಮಕ್ಕಳನ್ನೂ ಕರೆದುಕೊಂಡು ಒಂದು ಬಕೆಟ್ ನೀರಿನೊಡನೆ ಕೆಳಗಿಳಿಯಲಿ. ಒಂದು ಬಾಗಿಲನ್ನು ಪೂರ್ತಿ ಮುಗಿಸಲು ಬೆಳಗೆಲ್ಲ ಹಿಡಿಯುತ್ತದೆಂದು ಕಂಡುಕೊಂಡ ಮಗು, ಇನ್ನೊಬ್ಬರ ದುಡಿಮೆಗೆ ಸಂಜೆಯೊಳಗಿನ ಗಡುವು ಹಾಕುವ ಮೊದಲು ಒಮ್ಮೆ ಯೋಚಿಸೀತು.