ಬದಲಾಗದ ಸಾಲುಗಳು

ಒಂದೆಡೆಯಿಂದ ಬಂದ ವಿನಂತಿಯನ್ನು ಸ್ವೀಕರಿಸಿ, ಅದನ್ನು ಮತ್ತೊಂದೆಡೆಯ ಸರ್ವರಿಗೆ ತಲುಪಿಸಿ, ಅಲ್ಲಿ ದೊರೆತ ಉತ್ತರವನ್ನು ಕೇಳಿದವರಿಗೇ ಮರಳಿಸುವ ಎಚ್‌ಟಿಟಿಪಿ ರಿಲೇ ಸರ್ವರು ತಂತ್ರಾಂಶಗಳಲ್ಲೆಲ್ಲ ವಿನಯಶಾಲಿಯಾದುದೆಂದು ಮೇಲ್ನೋಟಕ್ಕೆ ತೋರುತ್ತದೆ. ಕೆಲವು ನೂರು ಸಾಲುಗಳಲ್ಲಿ ಅದನ್ನು ಬರೆದು ಮುಗಿಸಬಹುದು. ಈ ಸರಳತೆಯನ್ನು ನಂಬಿಯೇ, ಅದರ ಕೋಡಿನಲ್ಲಾದ ತಿದ್ದುಪಡಿಗಳನ್ನು ಪರಿಶೀಲಿಸತಕ್ಕವರು ಹತ್ತಾರು ಸಾಲುಗಳ ಮೇಲೆ ಕಣ್ಣಾಡಿಸಿ, ಹೆಸರುಗಳ ಅಂದಚೆಂದದ ವಿಷಯದಲ್ಲಿ ಒಂದೆರಡು ಆಕ್ಷೇಪಗಳನ್ನೆತ್ತಿ (ಇಂಥ ಆಕ್ಷೇಪಗಳಿಗೆ ಎಂದೂ ಬರಗಾಲವಿಲ್ಲ), ಒಪ್ಪಿಗೆಯ ಮುದ್ರೆಯೊತ್ತಿಬಿಡುವುದುಂಟು.

ಆ ನಂಬಿಕೆ ಎಷ್ಟು ದುರ್ಬಲವಾದುದೆಂಬುದನ್ನು 2017ರ ಫೆಬ್ರವರಿಯ ಒಂದು ಪ್ರಸಂಗ ತೋರಿಸಿಕೊಟ್ಟಿತು. ಅಸಂಖ್ಯ ಜಾಲತಾಣಗಳ ಮುಂದೆ ಮಧ್ಯವರ್ತಿಯಾಗಿ ನಿಂತಿರುವ ಕ್ಲೌಡ್‌ಫ್ಲೇರ್ ಸಂಸ್ಥೆಯ ಸರ್ವರುಗಳು, ತಮ್ಮ ಮೂಲಕ ಹಾದುಹೋಗುವ ಕೆಲವು ಪುಟಗಳ ಕೊನೆಯಲ್ಲಿ ಬೇರೆ ಯಾರದೋ ಕುಕೀಗಳನ್ನೂ ಗುಪ್ತ ಸಂಕೇತಗಳನ್ನೂ ಬೆರೆಸಿ ಕಳುಹಿಸುತ್ತಿದ್ದುದನ್ನು ಗೂಗಲ್‌ನ ಸಂಶೋಧಕ ಟ್ಯಾವಿಸ್ ಒರ್ಮಂಡಿಯವರು ಕಂಡುಹಿಡಿದರು. ಸೋರಿಕೆ ತೀವ್ರವಾಗಿದ್ದ ದಿನಗಳಲ್ಲಿ ಸುಮಾರು 33 ಲಕ್ಷ ವಿನಂತಿಗಳಿಗೆ ಒಂದರಂತೆ ಹೀಗಾಗುತ್ತಿತ್ತೆಂದು ಸಂಸ್ಥೆಯೇ ತಿಳಿಸಿತು. ಕಾರಣವಾದರೋ ಅತ್ಯಲ್ಪ: ಪುಟವನ್ನು ಓದುತ್ತ ಹೋಗುವ ಪಾರ್ಸರು, ಸ್ಮೃತಿಯ ಗೊತ್ತಾದ ಎಲ್ಲೆಯನ್ನು ‘ಮುಟ್ಟಿತೇ’ ಎಂದು ಕೇಳಿಕೊಳ್ಳುತ್ತಿತ್ತೇ ಹೊರತು ‘ಮುಟ್ಟಿತೇ ಅಥವಾ ದಾಟಿತೇ’ ಎಂದು ಕೇಳಿಕೊಳ್ಳುತ್ತಿರಲಿಲ್ಲ, ಅಪೂರ್ಣವಾದ ಟ್ಯಾಗಿನಿಂದ ಕೊನೆಗೊಂಡ ಪುಟವೊಂದು ಎದುರಾದಾಗ ಅದು ಎಲ್ಲೆಯನ್ನು ಮುಟ್ಟದೆಯೇ ಹಾರಿ, ಆಚೆಗಿದ್ದ ಪರರ ಸೊತ್ತನ್ನೂ ಓದಿ ಹೊರಗೆ ಹಾಕಿತು.

ಇಲ್ಲಿ ವಿಚಾರಾರ್ಹವಾದ ಸಂಗತಿ ಬೇರೆಯೇ ಇದೆ. ಆ ದೋಷವುಳ್ಳ ಪಾರ್ಸರು ವರ್ಷಗಳಿಂದಲೂ ಅಲ್ಲಿಯೇ ಇದ್ದಿತು, ಯಾರಿಗೂ ಕೇಡು ಮಾಡಿರಲಿಲ್ಲ. ಅದಕ್ಕಿಂತ ಉತ್ತಮವಾದ ಹೊಸ ಪಾರ್ಸರನ್ನು ತಂದು ಪಕ್ಕದಲ್ಲಿ ಸೇರಿಸಿದಾಗ ಬಫರುಗಳನ್ನು ಬಳಸುವ ಕ್ರಮ ಸೂಕ್ಷ್ಮವಾಗಿ ಬದಲಾಯಿತು; ಮಲಗಿದ್ದ ದೋಷ ಎಚ್ಚೆತ್ತಿತು. ಹೊಸದಾಗಿ ಬರೆದ ಸಾಲುಗಳನ್ನು ಎಷ್ಟು ಶ್ರದ್ಧೆಯಿಂದ ಓದಿದ್ದರೂ ತಪ್ಪು ಅಲ್ಲಿ ಸಿಗುತ್ತಿರಲಿಲ್ಲ, ಏಕೆಂದರೆ ಅದು ಯಾರೂ ಕೈಯಿಡದ ಹಳೆಯ ಸಾಲಿನಲ್ಲಿತ್ತು.

ಪರಿಶೀಲಕನ ಕೈಗೆ ನಾವು ಕೊಡುವುದಾದರೂ ಏನು? ‘ಡಿಫ್’ ಎಂಬ ಉಪಕರಣ ಹೆಕ್ಕಿ ತೋರಿಸುವ ಬದಲಾದ ಸಾಲುಗಳು, ಮತ್ತು ರೂಢಿಯಂತೆ ಅವುಗಳ ಹಿಂದೆ ಮೂರು, ಮುಂದೆ ಮೂರು ಸಾಲುಗಳು. ತಾಳೆಗರಿಯ ಪ್ರತಿಗಳನ್ನು ತೂಗಿನೋಡಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕನು ಕಾವ್ಯವನ್ನು ಆದ್ಯಂತವಾಗಿ ಓದಿದವನಾಗಿರುತ್ತಾನೆ. ಡಿಫ್‌ನಷ್ಟನ್ನೇ ನೋಡಿ ಒಪ್ಪಿಗೆ ಕೊಡುವವನು ಅಡಿಟಿಪ್ಪಣಿಗಳನ್ನು ಮಾತ್ರ ಓದಿ ಆ ಕಾವ್ಯಕ್ಕೆ ಮುನ್ನುಡಿ ಬರೆಯ ಹೊರಟವನು. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಅವರು ಕೋಡ್ ಪರಿಶೀಲನೆಯ ಕ್ರಮವನ್ನು ನಿರೂಪಿಸಿದಾಗ, ಒಬ್ಬನು ಕೋಡನ್ನು ತನ್ನ ಮಾತಿನಲ್ಲಿ ವಿವರಿಸುತ್ತ ಹೋಗಬೇಕೆಂದೂ ತರ್ಕದ ಪ್ರತಿಯೊಂದು ಕವಲನ್ನೂ ಒಮ್ಮೆಯಾದರೂ ಹಾಯಬೇಕೆಂದೂ ವಿಧಿಸಿದ್ದರು. ಇಂದಿನ ಅವಸರದಲ್ಲಿ ಅದು ದುಬಾರಿಯೆನಿಸಬಹುದು. ಆದರೆ ರಿಲೇ ಸರ್ವರಿನಷ್ಟು ಚಿಕ್ಕ ಕೋಡಿಗೆ ಅದೇನೂ ಅಸಾಧ್ಯವಲ್ಲ.

ರಿಲೇ ಸರ್ವರಿಗೆ ವಿಶೇಷವಾಗಿ ಅಂಟಿದ ಅಪಾಯ ಇನ್ನೊಂದಿದೆ. ಒಂದು ಸಂದೇಶ ಎಲ್ಲಿ ಮುಗಿಯಿತೆಂಬುದನ್ನು ಅದೂ, ಅದರ ಹಿಂದಿನ ಸರ್ವರೂ ಒಂದೇ ರೀತಿಯಲ್ಲಿ ನಿರ್ಣಯಿಸಬೇಕು. ಸಂದೇಶದ ತಲೆಭಾಗದ ಹೆಡರುಗಳಲ್ಲಿ ‘ಕಂಟೆಂಟ್-ಲೆಂಗ್ತ್’ ಒಂದು ಅಳತೆಯನ್ನೂ ‘ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಮತ್ತೊಂದನ್ನೂ ಹೇಳಿ, ಇವೆರಡರಲ್ಲಿ ಒಂದನ್ನು ಮುಂದಿನ ಸರ್ವರೂ ಇನ್ನೊಂದನ್ನು ಹಿಂದಿನ ಸರ್ವರೂ ನಂಬಿದಲ್ಲಿ, ಒಂದು ವಿನಂತಿಯ ಉದರದಲ್ಲಿ ಮತ್ತೊಂದನ್ನು ಬಚ್ಚಿಟ್ಟು ಸಾಗಿಸಲು ವಂಚಕನಿಗೆ ದಾರಿಯಾಗುತ್ತದೆ. 2005ರಲ್ಲಿಯೇ ವಿವರವಾಗಿ ವರ್ಣಿಸಲ್ಪಟ್ಟ ಈ ಉಪಾಯ ಇನ್ನೂ ಸತ್ತಿಲ್ಲ.

ಒಂದು ತಿದ್ದುಪಡಿಯನ್ನು ಊಹಿಸಿಕೊಳ್ಳೋಣ. ಹೆಡರಿನ ಹೆಸರಿಗೂ ಅದರ ಮುಂದಿನ ವಿವರಣ ಚಿಹ್ನೆಗೂ (:) ನಡುವೆ ಯಾರೋ ಅಜಾಗರೂಕತೆಯಿಂದ ತೆರವು ಬಿಟ್ಟರೆ ಅದನ್ನು ಕ್ಷಮಿಸಿ ಸ್ವೀಕರಿಸುವ, ಒಂದೇ ಸಾಲಿನ, ನೋಡಲು ಉದಾರವಾದ ತಿದ್ದುಪಡಿ. ಪರೀಕ್ಷೆಗಳೆಲ್ಲವೂ ಉತ್ತೀರ್ಣವಾಗುತ್ತವೆ, ದೂರು ಕೊಟ್ಟಿದ್ದ ಗ್ರಾಹಕನೂ ತೃಪ್ತನಾಗುತ್ತಾನೆ. ಆದರೆ ಆ ತೆರವನ್ನು ಕ್ಷಮಿಸುವವನೊಬ್ಬ, ಕ್ಷಮಿಸದವನೊಬ್ಬ ಎಂದಾದೊಡನೆ ಅದೇ ಹೆಡರು ಒಬ್ಬನಿಗೆ ಕಾಣಿಸಿ ಇನ್ನೊಬ್ಬನಿಗೆ ಕಾಣಿಸದೆ ಹೋಗುತ್ತದೆ. ಇಂಥ ವಿನಂತಿಯನ್ನು 400 ಎಂಬ ಉತ್ತರದೊಡನೆ ತಿರಸ್ಕರಿಸಲೇಬೇಕೆಂದು ಎಚ್‌ಟಿಟಿಪಿಯ ನಿಯಮಗ್ರಂಥ ಸ್ಪಷ್ಟವಾಗಿ ವಿಧಿಸಿದೆ. ಆ ತಿದ್ದುಪಡಿ ನನ್ನ ಮುಂದೆ ಬಂದರೆ, ಅದನ್ನು ಬರೆದವರ ಸದುದ್ದೇಶವನ್ನು ಗೌರವಿಸಿಯೇ, ಹಿಂದಕ್ಕೆ ಕಳುಹಿಸುತ್ತೇನೆ.